ಎಳ್ಳಷ್ಟು ಮಿಕ್ಕ ಸ್ವರ

ತುಂಗಭದ್ರೆಯ ದಂಡೆಯಲ್ಲಿ ಒಬ್ಬರು ವೀಣೆಯ ಗುರುಗಳಿದ್ದರಂತೆ, ಚಿದಂಬರ ಭಟ್ಟರು ಅಂತ. ಲೆಕ್ಕ, ರೇಖೆ, ನಕ್ಷತ್ರ, ನಾದ, ಇವು ನಾಲ್ಕೂ ಒಂದೇ ತಾಯಿಯ ಮಕ್ಕಳು ಅನ್ನೋರು. ಯಾರೇ ಬರಲಿ, ನಾಲ್ಕನ್ನೂ ಕಲಿಸೋರು.

ಆ ಮಾತು ಕೇಳಿಯೇ ಫಣಿರಾಜ ಮನೆ ಬಿಟ್ಟು ಬಂದಿದ್ದ. ಪಂಚಾಂಗ ಬರೆಯುವ ಜೋಯಿಸರ ಮಗ. ಅಪ್ಪನಿಗೆ ಒಂಚೂರೂ ಇಷ್ಟವಿರಲಿಲ್ಲ, ಪಾಪ.

ಒಂದು ಬೆಳಿಗ್ಗೆ ಗುರುಗಳು ಸ್ನಾನ ಮುಗಿಸಿ ಬರುತ್ತಾರೆ, ಇವನು ಗಂಟು ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಾನೆ.

“ಎಲ್ಲಿಗಯ್ಯಾ ಸವಾರಿ?”

“ಊರಿಗೆ, ಗುರುಗಳೇ. ನಾದಕ್ಕೂ ಲೆಕ್ಕಕ್ಕೂ ನಂಟಿಲ್ಲ.”

“ಯಾರು ಹೇಳಿದರು?”

“ನಿಮ್ಮ ವೀಣೆಯೇ ಹೇಳಿತು. ಷಡ್ಜದಿಂದ ಪಂಚಮ ಹಿಡಿದೆ. ಆ ಪಂಚಮವನ್ನೇ ಷಡ್ಜ ಅಂದುಕೊಂಡು ಅದರ ಪಂಚಮ ಹಿಡಿದೆ. ಹೀಗೇ ಏಣಿ ಹತ್ತಿದ ಹಾಗೆ ಹನ್ನೆರಡು ಸಲ ಹತ್ತುತ್ತಾ ಹೋದರೆ ಕೊನೆಗೆ ಷಡ್ಜಕ್ಕೇ ಬಂದು ಸೇರಬೇಕು. ಸೇರಲ್ಲ! ಎಳ್ಳಷ್ಟು ಮೇಲಕ್ಕೆ ಹೋಗಿ ನಿಲ್ಲುತ್ತೆ. ಇಂಥದ್ದಕ್ಕೆ ಅಪ್ಪನ ಮಾತು ಮೀರಿ ಬಂದೆನಲ್ಲ.”

ಹುಡುಗನ ಕಣ್ಣು ತುಂಬಿತು.

ಗುರುಗಳು ಒದ್ದೆ ಪಂಚೆ ಹಿಂಡಿ, ಕೊಡವಿ, ಹರವಿದರು. ಅವಸರವೇನೂ ಇರಲಿಲ್ಲ ಅವರಿಗೆ.

“ಫಣೀ, ಚಂದ್ರನ ಹನ್ನೆರಡು ತಿಂಗಳು ಕೂಡಿದರೆ ಸೂರ್ಯನ ಒಂದು ವರ್ಷ ಆಗುತ್ತೋ?”

“ಎಲ್ಲಿ ಆಗುತ್ತೆ? ವರ್ಷವರ್ಷವೂ ಒಂದಿಷ್ಟು ದಿನ ಮಿಗುತ್ತೆ.”

“ಅಯ್ಯೋ! ಹಾಗಾದರೆ ನಿಮ್ಮಪ್ಪ ಪಂಚಾಂಗ ಹರಿದು ಹೊಳೆಗೆ ಎಸೆದರೋ?”

“ಯಾಕೆ ಎಸೀತಾರೆ? ಮಿಕ್ಕಿದ್ದನ್ನೆಲ್ಲ ಕೂಡಿಸಿ ಆಗಾಗ ಒಂದು ಅಧಿಕಮಾಸ ಇಡ್ತಾರೆ.”

“ಆ ತಿಂಗಳು ಮನೆಯಲ್ಲಿ ಏನು ಮಾಡ್ತೀರಿ?”

“ಮದುವೆ ಮುಂಜಿ ಏನೂ ಇಲ್ಲ. ದಾನ ಕೊಡ್ತೀವಿ. ಅಕ್ಕನ ಗಂಡನನ್ನ ಕರೆಸಿ ಅಮ್ಮ ಹೋಳಿಗೆ ಬಡಿಸ್ತಾಳೆ. ಬೇಡ ಬೇಡ ಅಂತಲೇ ಹಾಕಿಸಿಕೊಂಡು, ಆಮೇಲೆ ಭಾವ ಎದ್ದು ಕೈ ತೊಳೆಯೋಕೂ ಆಗದೆ ಒದ್ದಾಡ್ತಾನೆ.”

ಹೇಳುತ್ತಾ ಅವನಿಗೇ ನಗು ಬಂತು. ಏನೋ ಹೊಳೆದಂತಾಗಿ, ನಗು ಅರ್ಧಕ್ಕೇ ನಿಂತಿತು.

ಗುರುಗಳು ವೀಣೆ ತೆಗೆದುಕೊಂಡು ಒಂದು ಸ್ವರ ಮೀಟಿದರು. ತಂತಿಯನ್ನು ಬೆರಳಲ್ಲಿ ಒಂದಿಷ್ಟೇ ಸರಿಸಿದರು, ಬಿಟ್ಟರು, ಮತ್ತೆ ಸರಿಸಿದರು. ಸ್ವರ ತೊಟ್ಟಿಲ ಹಾಗೆ ತೂಗಿತು.

ಫಣಿರಾಜ ಬಗ್ಗಿ ಕಿವಿಗೊಟ್ಟ. “ಗುರುಗಳೇ, ಇದು ತೂಗುತ್ತಿರೋದು ಆ ಎಳ್ಳಷ್ಟು ಜಾಗದಲ್ಲೇ ಅಲ್ಲವೇ?”

ಗುರುಗಳು ವೀಣೆಯನ್ನು ಅವನ ಮಡಿಲಿಗೆ ಇಟ್ಟರು.

“ಆಕಾಶ ಮಿಗಿಸಿದ್ದನ್ನು ನಿಮ್ಮಮ್ಮ ಹೋಳಿಗೆ ಮಾಡಿ ಬಡಿಸಿದಳು. ತಂತಿ ಮಿಗಿಸಿದ್ದನ್ನು ನೀನು ಏನು ಮಾಡಿ ಬಡಿಸ್ತೀಯೋ, ನೋಡೋಣ.”