ಮಸಿ ಕಾಣದ ಒಲೆ

ಹನ್ನೆರಡು ಸಾವಿರ ವರಹದ ದತ್ತಿ. ಜೊತೆಗೆ ಮೂಡಣ ಕಣಿವೆಯ ಛತ್ರ, ಅದರ ಬಾವಿ, ವರ್ಷಕ್ಕೆ ಅರವತ್ತು ವರಹ ಸಂಬಳದ ಪಾರುಪತ್ಯ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದು ತಲೆಯೊಂದೇ.

ಕಲಿಯರಸರು ಡಂಗುರ ಹೊಡೆಸಿದ್ದು ಹೀಗೆ: "ನಮ್ಮಜ್ಜಿ ಲಚ್ಚಲದೇವಿಯವರು ದಾರಿಹೋಕರ ಅನ್ನನೀರಿಗೆಂದು ಬಿಟ್ಟ ದತ್ತಿಯ ಮೇಲೆ ಬ್ರಹ್ಮರಾಕ್ಷಸ ಕೂತಿದೆ. ಅದರ ಮೂರು ಒಗಟು ಒಡೆದವನಿಗೆ ಛತ್ರದ ಪಾರುಪತ್ಯ. ತಪ್ಪಿದವನ ಕತ್ತು ರಾಕ್ಷಸನಿಗೆ. ಅಮಾವಾಸ್ಯೆಯೊಳಗೆ ಯಾರೂ ಗೆಲ್ಲದಿದ್ದರೆ ಛತ್ರಕ್ಕೂ ಬಾವಿಗೂ ಕಲ್ಲು ಮುಚ್ಚಿಸುತ್ತೇವೆ."

ಕೊನೆಯ ಮಾತು ಕೇಳಿ ಮಾಯಿಗ ಕೈಯಲ್ಲಿದ್ದ ಕೊಡ ಕೆಳಗಿಟ್ಟ. ಕಣಿವೆಯ ಬಾಯಲ್ಲಿ ಹೊಂಗೆಮರದಡಿ ಅರವಟ್ಟಿಗೆ ಇಟ್ಟುಕೊಂಡು ನೀರು ಹೊಯ್ಯುವವನು ಅವನು. ಆ ಬಾವಿ ಬಿಟ್ಟರೆ ಮುಂದಿನ ನೀರು ಘಟ್ಟದ ಆಚೆಗೆ. ಬಾವಿ ಮುಚ್ಚಿದರೆ ಬೇಸಗೆಯಲ್ಲಿ ದಾರಿಯುದ್ದಕ್ಕೂ ಹೆಣ. ಹಾಗೆಂದು ಅವನೇನು ಧೈರ್ಯವಂತನಲ್ಲ. ಗೂಳಿ ಎದುರಾದರೆ ಮರ ಹತ್ತುವ ಆಸಾಮಿ. ಅಮಾವಾಸ್ಯೆ ದಿನದವರೆಗೂ ಬೇರೆ ಯಾರಾದರೂ ಗೆಲ್ಲಲಿ ಎಂದು ಕಾದ; ಯಾರೂ ಹತ್ತಿರ ಸುಳಿಯಲಿಲ್ಲ.

ಅಂದು ಛತ್ರದ ಮುಂದೆ ನಿಂತವರು ಮೂವರೇ. ರತ್ನಪಡಿ ವ್ಯಾಪಾರಿಯ ಮಗ ಪದುಮಣ್ಣ, ಅರಸರ ಭಾವಮೈದುನ ಬೀರರಸ, ಕೊನೆಗೆ ಮಾಯಿಗ. ನೆರಳು ಕಾಲಡಿಗೆ ಸೇರುವ ಮಟಮಟ ಮಧ್ಯಾಹ್ನದಲ್ಲಿ ಮಾತ್ರ ರಾಕ್ಷಸ ಬಾಯಿ ಬಿಡುತ್ತಿತ್ತು.

"ಏನೋ ಮಾಯಿಗ, ನಿನ್ನ ತಿಥಿಗೆ ಯಾರ್ಯಾರಿಗೆ ಹೇಳಲಿ?" ಎಂದ ಬಾಗಿಲು ಕಾಯುವ ತಳವಾರ.

"ನೀನು ಬಂದರೆ ಸಾಕಣ್ಣ, ನೀನೊಬ್ಬನೇ ಹತ್ತಾಳಿನ ಊಟ ಮಾಡ್ತೀಯ," ಎಂದ ಮಾಯಿಗ.

ಪದುಮಣ್ಣ ಒಳಗೆ ಹೋದ. ಬಾವಿಯ ತಳದಿಂದ ಬಂದಂಥ ದನಿ ಹೊರಗೂ ಕೇಳಿಸಿತು: "ಕೊಟ್ಟವಳು ಸತ್ತಳು. ಪಡೆಯಬೇಕಾದವನು ಇನ್ನೂ ಬಂದಿಲ್ಲ. ನಡುವೆ ಒಬ್ಬ ಕೈಯಲ್ಲಿ ಹಿಡಿದು ಕೂತಿದ್ದಾನೆ. ದುಡ್ಡು ಯಾರದು?"

"ಹಿಡಿದವನದು! ಅಂಗಡಿಯಲ್ಲಿ ಕೂಸಿಗೂ ಗೊತ್ತು."

ಒಣಕಬ್ಬು ಮುರಿದ ಹಾಗೆ ಒಂದು ಸದ್ದು. ಆಮೇಲೆ ಏನೂ ಇಲ್ಲ.

ಬೀರರಸ ಮೀಸೆ ತೀಡಿಕೊಂಡೇ ಹೋದ. ಅದೇ ಒಗಟು. "ವಾರಸುದಾರರಿಲ್ಲದ ಸೊತ್ತು ಅರಸರದು," ಎಂದ. ಮತ್ತೆ ಅದೇ ಸದ್ದು.

ತಳವಾರ ಈಗ ನಗಲಿಲ್ಲ. "ಓಡಿಹೋಗೋ, ನಾನು ನೋಡಲಿಲ್ಲ ಅಂತೀನಿ," ಎಂದು ಪಿಸುಗುಟ್ಟಿದ.

ಓಡಬಹುದಿತ್ತು. ಆದರೆ ಹೊಂಗೆಮರದಡಿ ಅಪರಿಚಿತ ಮುದುಕನೊಬ್ಬ ಗುಟುಕು ನೀರಿಗೆ ಕೊಡ ಬಗ್ಗಿಸಿಕೊಳ್ಳುತ್ತಿದ್ದದ್ದು ಕಣ್ಣಿಗೆ ಬಿತ್ತು. ಮಾಯಿಗ ಹೊಸಿಲು ದಾಟಿದ. ಎರಡು ಹೆಣ, ಅವುಗಳ ಹಿಂದೆ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಕಂಬದಷ್ಟು ಎತ್ತರದ ಕತ್ತಲು, ಕತ್ತಲಿನೊಳಗೆ ಎರಡು ಕೆಂಡ. ಮೊದಲ ಒಗಟು ಮತ್ತೆ ಬಂತು.

"ಬುದ್ಧಿ," ಎಂದ ಮಾಯಿಗ. "ಅರವಟ್ಟಿಗೆ ನೀರು ನನ್ನದಲ್ಲ. ದಾರಿಯಲ್ಲಿ ನಡೆದು ಬರ್ತಾ ಇರೋನದು. ಅವನ ಹೆಸರು ನನಗೆ ಗೊತ್ತಿಲ್ಲ, ಅಷ್ಟೇ. ಈ ದುಡ್ಡೂ ಇನ್ನೂ ಬಾರದವನದೇ."

ಕತ್ತು ಉಳಿಯಿತು. ಕೆಂಡಗಳು ಹತ್ತಿರ ಬಂದವು.

"ಬೆಳಿಗ್ಗೆ ತುಂಬಿರಬೇಕು, ಸಂಜೆಗೆ ಬರಿದಾಗಿರಬೇಕು. ಬರಿದಾದದ್ದು ನಿಯತ್ತಿನಿಂದಲೋ ಮೋಸದಿಂದಲೋ? ಹೇಳುವ ಸಾಕ್ಷಿಗೆ ಬಾಯಿಲ್ಲ, ಸುಳ್ಳೂ ಬರುವುದಿಲ್ಲ. ಅದು ಯಾವುದು, ಸಾಕ್ಷಿ ಯಾವುದು?"

ಇದು ಅವನ ದಿನನಿತ್ಯದ ಕೆಲಸ. ಆದರೂ ಹೆದರಿಕೆಗೆ ಮಾತು ತಡೆತಡೆದು ಬಂತು. "ಮೊದಲಿನದು ಕೊಡ. ಸಾಕ್ಷಿ ನೆಲ, ಬುದ್ಧಿ. ಕೊಡದ ಬುಡ ಒದ್ದೆಯಾದರೆ ಸೋರಿದ್ದು. ಎದುರಿನ ನೆಲ ಒದ್ದೆಯಾದರೆ ಜನ ಬೊಗಸೆಯೊಡ್ಡಿ ಕುಡಿದದ್ದು. ಎರಡೂ ಒಣಗಿದ್ದರೆ ಯಾರೋ ಮನೆಗೆ ಹೊತ್ತೊಯ್ದದ್ದು."

ಕತ್ತಲು ಅವನನ್ನು ಸುತ್ತಿಕೊಂಡಿತು. ಕತ್ತಿನ ಮೇಲೆ ತಣ್ಣನೆಯ ಬೆರಳು.

"ಮೂರನೆಯದು. ಇಲ್ಲಿ ಪಾರುಪತ್ಯ ಮಾಡಿದವನು ನಾನೇ. ಪೆಟ್ಟಿಗೆಯಲ್ಲಿ ಹನ್ನೆರಡು ಸಾವಿರವಿತ್ತು, ಇಂದಿಗೂ ಅಷ್ಟೇ ಇದೆ. ಕದಿಯಲಿಲ್ಲ, ಕಳೆಯಲಿಲ್ಲ. ಆದರೂ ಹೊರಗಿನ ಶಾಸನದ ಕಲ್ಲಿನಲ್ಲಿ ದತ್ತಿ ಕೆಡಿಸಿದವನಿಗೆಂದು ಬರೆದ ಶಾಪ, ಕವಿಲೆ ಹಸುವನ್ನು ಕೊಂದ ಪಾಪ, ನನ್ನ ತಲೆಗೇ ಬಂತು. ನಾನು ಮಾಡಿದ್ದೇನು?"

ಬೆರಳು ಬಿಗಿಯಿತು. ಮಾಯಿಗ ಸಾಯುವವನು ಸುತ್ತ ನೋಡುವ ಹಾಗೆ ನೋಡಿದ. ಅಡುಗೆಕೋಣೆಯ ಬಾಗಿಲು ತೆರೆದಿತ್ತು. ನೂರಾಳಿಗೆ ಅನ್ನ ಬೇಯುವಂಥ ಒಲೆ. ಅದರ ಕಲ್ಲು ಗಣಿಯಿಂದ ಆಗತಾನೇ ತಂದಷ್ಟು ಬೆಳ್ಳಗಿತ್ತು.

"ಒಲೆಗೆ ಮಸಿಯೇ ಹಿಡಿದಿಲ್ಲ, ಬುದ್ಧಿ," ಎಂದ ಉಸಿರು ಕಟ್ಟಿ. "ನೀವು ಕೊಡಲೇ ಇಲ್ಲ."

ಬೆರಳು ಸಡಿಲವಾಯಿತು. ರಾಕ್ಷಸನ ದನಿ ಈಗ ವಯಸ್ಸಾದ ಮನುಷ್ಯನದಾಗಿತ್ತು.

"ಲೆಕ್ಕ ತಪ್ಪಿದರೆ ಅರಸರು ಶೂಲಕ್ಕೇರಿಸುತ್ತಾರೆ ಎಂಬ ಹೆದರಿಕೆ ನನಗೆ. ಹಸಿದು ಬಂದವನಿಗೆ ಊರಗೌಡನ ಮುದ್ರೆ ತಾ ಎಂದೆ. ಮುದ್ರೆ ತಂದವನಿಗೆ ಇಬ್ಬರು ಸಾಕ್ಷಿ ತಾ ಎಂದೆ. ಬಾಣಂತಿಯೊಬ್ಬಳು ಒಬ್ಬ ಸಾಕ್ಷಿಯನ್ನು ಕರೆತಂದಳು. ಇನ್ನೊಬ್ಬ ಬೇಕು ಎಂದೆ. ಕರೆಯಲು ಹೋದವಳು ಕೂಸಿನ ಸಮೇತ ಬಾವಿಯ ಹತ್ತಿರವೇ ಬಿದ್ದು ಸತ್ತಳು. ನೀನೂ ಹೆದರುಪುಕ್ಕಲನೇ ಅಲ್ಲವೇನೋ?"

"ಹೌದು ಬುದ್ಧಿ. ಈಗಲೂ."

"ಇರಲಿ. ಹೆದರಿಕೆ ಪೆಟ್ಟಿಗೆಗೆ ಕಾವಲಿರಲಿ, ಬಾಗಿಲಿಗೆ ಬೇಡ," ಎಂದಿತು ದನಿ. ಕೆಂಡ ಆರಿತು. ಪೆಟ್ಟಿಗೆಯ ಮೇಲೆ ಒಂದು ಹಿಡಿ ಬೂದಿ ಉಳಿಯಿತು.

ಅರಸರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಪಾರುಪತ್ಯದ ಜೊತೆಗೆ ಛತ್ರದ ಹಿಂದೊಂದು ಮನೆಯನ್ನೂ ಕೊಟ್ಟರು. ಮಾಯಿಗನ ಕಟ್ಟಳೆ ಸುಲಭ: ಮೊದಲು ಬಡಿಸು, ಆಮೇಲೆ ಊರು ಕೇಳು, ಸಂಜೆಗೆ ಎಲೆ ಎಣಿಸಿ ಅಕ್ಕಿಗೆ ತಾಳೆ ನೋಡು. ತಾಳೆಯಾಗದ ದಿನ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹಾಗೆಂದು ಮರುದಿನ ಬಾಗಿಲು ಹಾಕಿದ್ದೂ ಇಲ್ಲ.

ವರ್ಷ ತುಂಬಿದ ಮೇಲೆ ಅರಸರೇ ಬಂದು ತಪಾಸಣೆ ಮಾಡಿದರು. ಲೆಕ್ಕ ಇಷ್ಟು: ನಷ್ಟಕ್ಕೆ ಎರಡು ಕತ್ತು. ಖರ್ಚಿಗೆ ಒಂಬೈನೂರು ವರಹ. ಪೆಟ್ಟಿಗೆಯಲ್ಲಿ ಉಳಿದದ್ದು ಹನ್ನೊಂದು ಸಾವಿರದ ನೂರು. ಲಾಭಕ್ಕೆ ಮಾಯಿಗನ ಅರವತ್ತು ವರಹ, ಒಂದು ಮನೆ, ಭುಜದ ಮೇಲೇ ಉಳಿದ ಒಂದು ತಲೆ, ಮತ್ತು ಒಲೆಯ ಕಲ್ಲಿಗೆ ಒಂದು ಬೆರಳು ದಪ್ಪ ಮಸಿ.