ಕೈನೀರಿನ ಶಾಸ್ತ್ರವೂ ಕಟ್ಟೆಯವ್ವನ ಹೊಟ್ಟೆನೋವೂ

ಒಂದೂರಿತ್ತಂತೆ. ಮಡುವಿನಕೊಪ್ಪಲು ಅಂತ ಅದರ ಹೆಸರಂತೆ. ಎಷ್ಟು ಕಾಲದ ಮಾತು ಅಂತ ನನ್ನನ್ನು ಕೇಳಬೇಡಿ. ನಮ್ಮಜ್ಜಿಗೆ ಈ ಕಥೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ. ಹತ್ತಿರ ಬಂದು ಕೂತ್ಕೊಳ್ಳಿ, ಹ್ಞೂಂಗುಟ್ಟಬೇಕು, ನಡುವೆ ಎದ್ದು ಹೋಗಬಾರದು.

ಆ ಊರಿಗೆಲ್ಲ ಒಂದೇ ಕಟ್ಟೆಯಂತೆ. ಕಟ್ಟೆ ಅಂದರೆ ಜಗಲಿಯಲ್ಲ, ಊರ ಕೆಳಗೆ ನೀರು ನಿಲ್ಲೋ ಸಣ್ಣ ಕೆರೆ. ಅದಕ್ಕೆ ಇಳಿಯೋಕೆ ಒಂದೇ ಸಾಲು ಮೆಟ್ಟಿಲು. ಆ ಒಂದೇ ಮೆಟ್ಟಿಲಲ್ಲಿ ಎಮ್ಮೆ ಇಳಿಯೋದು, ಅಲ್ಲೇ ಬಟ್ಟೆ ಒಗೆಯೋದು, ಅಲ್ಲೇ ಎಂಜಲು ಪಾತ್ರೆ ತಿಕ್ಕೋದು, ಮತ್ತೆ ಅಲ್ಲೇ ಕುಡಿಯೋ ನೀರಿಗೂ ಕೊಡ ಅದ್ದೋದು. ವರ್ಷವೆಲ್ಲ ಆ ಊರಲ್ಲಿ ಯಾರಾದರೊಬ್ಬರು ಚೆಂಬು ಹಿಡಿದು ಬಯಲ ಕಡೆ ಓಡುತ್ತಲೇ ಇರುತ್ತಿದ್ದರಂತೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಅವರು ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಮೂರೇ ಮೂರು ದಿನ. ಆ ಊರಲ್ಲಿ ಕೈನೀರು ಅಂತ ಒಂದು ಶಾಸ್ತ್ರವಂತೆ. ಹೊಸ ಸೊಸೆ ಬಂದರೆ ಅವಳು ಹೊಸ ಗಡಿಗೆ ಹೊತ್ತು ಕಟ್ಟೆಯಿಂದ ನೀರು ತಂದು, ಊರ ಯಜಮಾನನಿಗೂ ಮನೆಯವರಿಗೂ ತನ್ನ ಕೈಯಾರೆ ಕುಡಿಯೋಕೆ ಕೊಡಬೇಕು. ಮೂರು ದಿನದೊಳಗೆ ಕುಡಿದವರಲ್ಲಿ ಒಬ್ಬರ ಹೊಟ್ಟೆ ಕೆಟ್ಟರೂ ಸೊಸೆಯ ಕೈಗುಣ ಸರಿಯಿಲ್ಲ ಅಂತ ತೀರ್ಮಾನ. ಸೀರೆ ಗಂಟು ಕಟ್ಟಿ ತವರಿಗೆ ಅಟ್ಟಿಬಿಡೋದು. ಕಟ್ಟೆ ತುಂಬಿ ಹರಿಯೋ ಮಳೆಗಾಲದಲ್ಲಿ ಬಂದ ಸೊಸೆಯರು ಹೇಗೋ ಉಳಿದುಕೊಂಡರು. ಆ ವರ್ಷ ಮಾತ್ರ ಒಂದೇ ಬೇಸಿಗೆಯಲ್ಲಿ ಏಳು ಮನೆಗೆ ಏಳು ಸೊಸೆಯರು ಬಂದರು, ಏಳೂ ಜನ ಅಳುತ್ತಾ ವಾಪಸ್ಸು ಹೋದರು. ಈ ಊರವರ ಬುದ್ಧಿಗೆ ಏನು ಹೇಳೋಣ ಹೇಳಿ. ಏಳು ಹೆಣ್ಣುಮಕ್ಕಳ ಕೈ ನೋಡಿದರೇ ಹೊರತು ಒಬ್ಬರೂ ನೀರು ನೋಡಲಿಲ್ಲ.

ಎಂಟನೆಯವಳು ಚೆಲುವಾಜಿ. ನಂಜವ್ವ ಅನ್ನೋಳ ಒಬ್ಬನೇ ಮಗ ಜವರನನ್ನು ಮದುವೆಯಾಗಿ ಬಂದಳು. ಇವಳ ತವರು ಹೊಳೆದಂಡೆ. ಮಳೆ ಬಿದ್ದರೆ ಆ ಹೊಳೆ ಕೆಂಪಗೆ ಕೆಸರಾಗಿ ಹರಿಯೋದರಿಂದ, ನೀರನ್ನು ಸೋಸಿ ಬಸಿದು ಕುಡಿಯೋದು ಅವರ ಮನೆಮನೆಯ ಕೆಲಸ. ಹುಡುಗಿ ಬಂದ ದಿನವೇ ಕಟ್ಟೆ ನೋಡಿದಳು. ಅತ್ತೆಗೆ ಮೆಲ್ಲಗೆ ಹೇಳಿದಳಂತೆ, ನೀರು ಸರಿಯಿಲ್ಲವಲ್ಲ ಅಂತ. ನಂಜವ್ವ ಸೊಸೆಯ ಬಾಯಿಗೆ ಕೈ ಅಡ್ಡ ಇಟ್ಟಳು. ಕಟ್ಟೆಯೊಳಗೆ ಕಟ್ಟೆಯವ್ವ ಇದ್ದಾಳೆ, ನೀರಿಗೆ ಹೆಸರಿಟ್ಟರೆ ಮನೆ ಮುರೀತಾಳೆ, ಸುಮ್ಮನಿರು ಅಂದಳು. ನಂಜವ್ವ ಕೆಟ್ಟವಳೇನಲ್ಲ. ಎಂಟನೆಯ ಸೊಸೆಯಾದರೂ ಉಳಿಯಲಿ ಅಂತ ಒಳಗೊಳಗೇ ಹರಕೆ ಹೊತ್ತಿದ್ದಳು.

ಶಾಸ್ತ್ರಕ್ಕೆ ಇನ್ನೊಂದೇ ದಿನ. ಮಟಮಟ ಮಧ್ಯಾಹ್ನ, ಒಂದು ನರಪಿಳ್ಳೆಯೂ ಇಲ್ಲದ ಹೊತ್ತಲ್ಲಿ ಚೆಲುವಾಜಿ ಒಬ್ಬಳೇ ಕಟ್ಟೆಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಆಗ ನೋಡಿ, ನೀರು ಬುಳುಬುಳು ಅಂತು! ಪಾಚಿಗೂದಲಿನ ಒಬ್ಬಳು ಮುದುಕಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ನರಳುತ್ತಾ ಮೇಲೆದ್ದಳಂತೆ. ಯಾರು ಅಂತೀರಿ? ಕಟ್ಟೆಯವ್ವನೇ.

"ಓಡಲ್ವೇನವ್ವ ನೀನು? ಏಳು ಜನ ಹೆಣ್ಣುಮಕ್ಕಳು ನನ್ನ ಕಂಡು ಓಡಿದ್ರು."

"ಎಲ್ಲಿಗೆ ಓಡ್ಲಿ? ಓಡಿದ್ರೆ ತವರಿಗೇ ಓಡ್ಬೇಕು. ಅಲ್ಲಿಗೆ ಹೆಂಗಿದ್ರೂ ಇವರೇ ಅಟ್ತಾರೆ," ಅಂದಳು ಚೆಲುವಾಜಿ. "ಅದಿರ್ಲಿ, ನಿಂಗೇನಾಗಿದೆ? ಹೊಟ್ಟೆ ಯಾಕೆ ಹಿಡ್ಕೊಂಡಿದ್ದೀಯ?"

"ನೋವು ಕಣವ್ವ. ಹನ್ನೆರಡು ವರ್ಷದಿಂದ ನೋವು. ನನ್ನ ಹೊಟ್ಟೇಲೇ ಎಮ್ಮೆ ತೊಳೀತಾರೆ, ನನ್ನ ಹೊಟ್ಟೇಲೇ ಎಂಜಲು ಚೆಲ್ತಾರೆ. ಆಮೇಲೆ ಅರಿಶಿನ ಕುಂಕುಮ ತಂದು ಅದನ್ನೂ ನನ್ನ ಹೊಟ್ಟೆಗೇ ಹಾಕ್ತಾರೆ. ಒಂದು ಬೊಗಸೆ ತಿಳಿನೀರು ಕುಡಿದ್ರೆ ಜೀವ ಹಿಡೀತದೆ."

ನೀರಿನ ದೇವತೆಗೇ ಕುಡಿಯೋಕೆ ನೀರಿಲ್ಲ! ಚೆಲುವಾಜಿಗೆ ತನ್ನ ಅಳು ಮರೆತೇಹೋಯಿತಂತೆ. ಮೂರು ದಿನ ತಡೆದುಕೋ ಅವ್ವ, ನಿನ್ನ ನೀರನ್ನೇ ತಿಳಿ ಮಾಡಿ ಒಂದು ಬೊಗಸೆ ನಿನಗೂ ಎತ್ತಿಡ್ತೀನಿ ಅಂತ ಮಾತು ಕೊಟ್ಟಳು. ಮಾತೇನೋ ಕೊಟ್ಟಳು, ಆದರೆ ಮೂರು ದಿನ ಎಲ್ಲಿಂದ ತರೋದು? ಶಾಸ್ತ್ರ ಬೆಳಗಾದರೆ ಇದೆ.

ಬೆಳಗಾಯಿತು. ಊರೆಲ್ಲ ಸೇರಿತು. ಯಜಮಾನ ಮುದ್ದಯ್ಯ ಮೀಸೆ ತಿರುವುತ್ತಾ ಜಗಲಿ ಮೇಲೆ ಕೂತ. ಚೆಲುವಾಜಿ ಎಲ್ಲರ ಕಣ್ಣೆದುರೇ ಹೊಸ ಗಡಿಗೆ ತುಂಬಿ ತಂದಳು. ಅದರ ಹಿಂದೆ ಇನ್ನೂ ಎರಡು ಕೊಡ ತಂದಳು. ಮುದ್ದಯ್ಯ ಚೆಂಬು ಚಾಚಿದ. ಇವಳು ತಲೆ ತಗ್ಗಿಸಿ, ನಮ್ಮ ತವರಲ್ಲಿ ಗಡಿಗೆ ಕೂರಿಸೋ ಶಾಸ್ತ್ರ ಇದೆ, ಹೊಸ ಗಡಿಗೆಯ ನೀರನ್ನು ಮೂರು ದಿನ ಕೂರಿಸದೆ ಹಿರಿಯರಿಗೆ ಕೊಟ್ಟರೆ ಕುಡಿದವರಿಗೆ ಕೇಡು ಅಂದಳಂತೆ.

ನೀರು ಕೊಳಕು ಅಂದಿದ್ದರೆ ಅವತ್ತೇ ಅಟ್ಟುತ್ತಿದ್ದರು. ಶಾಸ್ತ್ರ ಅಂದಳಲ್ಲ, ಊರಿಗೆ ಊರೇ ತಲೆಯಾಡಿಸಿತು. ಮುದ್ದಯ್ಯ ಅಂತೂ ಚೆಂಬು ಕೆಳಗಿಟ್ಟು, ಕೂರಿಸವ್ವ, ಸರಿಯಾಗೇ ಕೂರಿಸು ಅಂದುಬಿಟ್ಟ. ಅವನ ಜೀವದ ಮಾತಲ್ಲವೇ!

ಈಗ ನೋಡಿ ಹುಡುಗಿಯ ಕೆಲಸ. ಒಂದನೆಯ ದಿನ ತವರಿಂದ ತಂದ, ಕೆಸರುನೀರು ತಿಳಿಮಾಡೋ ಚಿಲ್ಲದ ಬೀಜ ತೆಗೆದಳು. ಕಲ್ಲಿನ ಮೇಲೆ ತೇಯ್ದು ಆ ಗಂಧವನ್ನು ನೀರಿಗೆ ಕದಡಿದಳು. ಸಂಜೆಯ ಹೊತ್ತಿಗೆ ಕೆಸರೆಲ್ಲ ತಳ ಹಿಡಿಯಿತು. ನಂಜವ್ವ ಬಗ್ಗಿ ನೋಡಿದವಳು ತನ್ನ ಮೂಗುತಿ ನೀರಲ್ಲಿ ಕಂಡು ಬೆಚ್ಚಿಬಿದ್ದಳಂತೆ.

ಎರಡನೆಯ ದಿನ ಮೂರು ಮಡಕೆ ಒಂದರ ಮೇಲೊಂದು ಇಟ್ಟಳು. ಮೇಲಿನ ಎರಡಕ್ಕೂ ತಳದಲ್ಲಿ ಸಣ್ಣ ತೂತು, ತೂತಿಗೆ ಬಟ್ಟೆಯ ಬತ್ತಿ. ಮೇಲಿನದರಲ್ಲಿ ತೊಳೆದ ಇದ್ದಿಲು, ನಡುವಿನದರಲ್ಲಿ ಹಳ್ಳದ ಮರಳು, ಕೆಳಗಿನದು ಖಾಲಿ. ಮರಳು ಹೊತ್ತು ತಂದು ಏಳು ಸಲ ತೊಳೆದುಕೊಟ್ಟವನು ಜವರ. ತಿಳಿನೀರನ್ನು ಮೇಲೆ ಸುರಿದರೆ ಕೆಳಗೆ ತೊಟ್ಟು, ತೊಟ್ಟು, ತೊಟ್ಟು. ಆ ತೊಟ್ಟಿನ ಸದ್ದು ಕೇಳುತ್ತಾ ಜವರನಿಗೆ ಊಟ ಸೇರಲಿಲ್ಲವಂತೆ. ಮನಸ್ಸು ಕೊಟ್ಟಾಗಿತ್ತಲ್ಲ, ಇವಳು ಹೋಗಿಬಿಟ್ಟರೆ ಅಂತ ಅವನಿಗೆ ಭಯ. ನಂಜವ್ವ ಅಭ್ಯಾಸಬಲದಿಂದ ಅದೇ ನೀರಲ್ಲಿ ಕಾಲು ತೊಳೆಯೋಕೆ ಚೆಂಬು ಹಿಡಿದು ಬಂದಳು. ಹಗಲೆಲ್ಲ ಬಸಿದರೂ ಒಂದು ಗಡಿಗೆ ತುಂಬಿಲ್ಲ ಅನ್ನೋದು ಕಂಡು, ಚೆಂಬನ್ನು ಸೆರಗಲ್ಲಿ ಮುಚ್ಚಿಕೊಂಡು ಹಿಂದಕ್ಕೆ ಹೋದಳು.

ಮೂರನೆಯ ದಿನ ಬಸಿದ ನೀರನ್ನು ಒಲೆ ಮೇಲಿಟ್ಟು ಏಳು ಕುದಿ ಕುದಿಸಿದಳು. ಆರಿದ ಮೇಲೆ ತೊಳೆದ ಗಡಿಗೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದಳು. ಯಾರೂ ಕೈ ಅದ್ದಬಾರದು ಅಂತ ಉದ್ದ ಹಿಡಿಯ ಚಿಪ್ಪಿನ ಸೌಟು ಪಕ್ಕಕ್ಕೆ ಇಟ್ಟಳು.

ನಾಲ್ಕನೆಯ ದಿನ ಊರೆಲ್ಲ ಮತ್ತೆ ಸೇರಿತು. ಕತ್ತು ಉದ್ದ ಮಾಡಿ ನಿಂತರು. ಚೆಲುವಾಜಿ ಸೌಟಲ್ಲಿ ಎತ್ತಿ ಮುದ್ದಯ್ಯನ ಚೆಂಬಿಗೆ ಬಿಟ್ಟಳು. ಮುದ್ದಯ್ಯ ಒಂದು ಗುಟುಕು ಕುಡಿದ. ಇನ್ನೊಂದು ಗುಟುಕು ಕುಡಿದ. ಹುಬ್ಬು ಗಂಟಿಕ್ಕಿದ.

"ಇದು ನಮ್ಮೂರ ನೀರಲ್ಲ. ನಮ್ಮೂರ ನೀರಿಗೆ ಒಂದು ರುಚಿ ಇದೆ, ಇದಕ್ಕೆ ರುಚಿನೇ ಇಲ್ಲ. ಕದ್ದು ಬೇರೆ ಕಡೆಯಿಂದ ತಂದವ್ಳೆ. ಶಾಸ್ತ್ರ ಕೆಡ್ತು, ಗಂಟು ಕಟ್ಟಿ."

ಅಯ್ಯೋ ನನ್ನ ಶಿವನೇ! ಹನ್ನೆರಡು ವರ್ಷ ಸೆಗಣಿ ನೀರು ಕುಡಿದು ಅದನ್ನೇ ರುಚಿ ಅಂದುಕೊಂಡಿದ್ದಾನೆ ಮುದುಕ. ಊರವರೂ ಹೌದು ಹೌದು ಅಂದರು. ಜವರ ಮುಂದಕ್ಕೆ ಬಂದ.

"ಮರಳು ತೊಳೆದವನು ನಾನು. ಅಟ್ಟೋದಾದ್ರೆ ಇಬ್ರನ್ನೂ ಅಟ್ಟಿ."

ಚೆಲುವಾಜಿ ಅಳಲಿಲ್ಲವಂತೆ, ಜಗಳಕ್ಕೂ ನಿಲ್ಲಲಿಲ್ಲವಂತೆ. ಹೋಗೋದಾದರೆ ಹೋಗ್ತೀನಿ, ಆದರೆ ಒಂದು ಬೊಗಸೆ ಕಟ್ಟೆಯವ್ವನಿಗೆ ಮಾತು ಕೊಟ್ಟಿದ್ದೀನಿ, ಅದನ್ನು ಕೊಟ್ಟೇ ಹೋಗ್ತೀನಿ ಅಂದು ಗಡಿಗೆ ಎತ್ತಿ ಸೊಂಟಕ್ಕಿಟ್ಟು ಹೊರಟಳು. ಅವಳ ಹಿಂದೆ ಜವರ, ಜವರನ ಹಿಂದೆ ನಂಜವ್ವ, ನಂಜವ್ವನ ಹಿಂದೆ ಮುದ್ದಯ್ಯ, ಮುದ್ದಯ್ಯನ ಹಿಂದೆ ಊರಿಗೆ ಊರೇ. ಮೆಟ್ಟಿಲಲ್ಲಿ ನಿಂತು ಅವಳು, ಅವ್ವಾ, ತಂದಿದ್ದೀನಿ ಅಂತ ಕರೆದಳು.

ನೀರು ಬುಳುಬುಳು ಅಂತು. ಪಾಚಿಗೂದಲು ಮೇಲೆದ್ದಿತು. ಊರವರು ಒಬ್ಬರ ಮೇಲೊಬ್ಬರು ಬಿದ್ದರು. ಮುದ್ದಯ್ಯನ ರುಮಾಲು ಒಂದು ಕಡೆ, ಮುದ್ದಯ್ಯ ಒಂದು ಕಡೆ! ಕಟ್ಟೆಯವ್ವ ಅವರ ಕಡೆ ನೋಡಲೂ ಇಲ್ಲ. ಹೊಟ್ಟೆ ಹಿಡಿದಿದ್ದ ಕೈ ಬಿಡಿಸಿ ಬೊಗಸೆ ಒಡ್ಡಿದಳು. ಚೆಲುವಾಜಿ ಸೌಟಲ್ಲಿ ಮೆಲ್ಲಗೆ ಹೊಯ್ದಳು. ಮುದುಕಿ ಕುಡಿದಳು. ಕುಡಿದು ಕಣ್ಣು ಮುಚ್ಚಿದಳು. ನೋವಿಗೆ ಬಾಗಿದ್ದ ಬೆನ್ನು ತಾನಾಗಿ ನೆಟ್ಟಗಾಯಿತು.

"ಇದು ನಾನೇ," ಅಂದಳಂತೆ. "ಹನ್ನೆರಡು ವರ್ಷದ ಹಿಂದೆ ನಾನು ಹಿಂಗಿದ್ದೆ."

ಹೇಳಿ ಅತ್ತುಬಿಟ್ಟಳು. ನೀರಿನ ದೇವತೆ ಅತ್ತದ್ದನ್ನು ಅವತ್ತಿನವರೆಗೆ ಯಾರೂ ಕಂಡಿರಲಿಲ್ಲ. ಮೆಟ್ಟಿಲ ಮೇಲಿದ್ದ ಹೆಂಗಸರೂ ಅತ್ತರು. ಆಮೇಲೆ ಶುರುವಾಯಿತು ನೋಡಿ ಅವಳ ಬೈಗುಳ. ಏಳು ಹೆಣ್ಣುಮಕ್ಕಳ ಕೈಯಲ್ಲಿ ಏನು ದೋಷವಿತ್ತು, ದೋಷವೆಲ್ಲ ನಿಮ್ಮ ಎಮ್ಮೆ, ನಿಮ್ಮ ಬಟ್ಟೆ, ನಿಮ್ಮ ಎಂಜಲಲ್ಲಿತ್ತು ಅಂತ ಒಬ್ಬೊಬ್ಬರ ಹೆಸರು ಹಿಡಿದು ಝಾಡಿಸಿದಳು. ಹೊತ್ತು ನೆತ್ತಿಗೆ ಬರೋವರೆಗೂ ಬೈದಳು. ಹನ್ನೆರಡು ವರ್ಷದ ಬಾಕಿ ಅಲ್ಲವೇ, ಬೇಗ ಮುಗಿಯುತ್ತಾ?

ಗಡಿಗೆಯಲ್ಲಿ ಉಳಿದದ್ದನ್ನು ಮನೆಯವರೂ ಕುಡಿದರು. ಮೂರು ದಿನ ಊರು ಕಾದಿತು. ಒಂದನೆಯ ದಿನ ಕುಡಿದವರ ಚೆಂಬು ಬಯಲಿಗೆ ಓಡಲಿಲ್ಲ. ಎರಡನೆಯ ದಿನ ಚೆಂಬು ಓಡಲಿಲ್ಲ. ಮೂರನೆಯ ದಿನ ಮುದ್ದಯ್ಯ ಎರಡು ಮುದ್ದೆ, ಬೋಗುಣಿ ತುಂಬ ಅವರೆಕಾಳಿನ ಸಾರು ಹೊಡೆದು, ಆದರೂ ಗಡದ್ದಾಗಿ ನಿದ್ದೆ ಮಾಡಿದನಂತೆ.

ಅಲ್ಲಿಂದ ಕಟ್ಟೆಗೆ ಎರಡು ಕಡೆ ಮೆಟ್ಟಿಲಾಯಿತು, ಕುಡಿಯೋ ನೀರಿಗೆ ಒಂದು, ಒಗೆಯೋಕೆ ತಿಕ್ಕೋಕೆ ಇನ್ನೊಂದು. ಎಮ್ಮೆಗೆ ಕೆಳಗಡೆ ಬೇರೆ ಗುಂಡಿ ತೋಡಿದರು. ಮನೆಮನೆಯಲ್ಲೂ ಮಡಕೆ ಮೇಲೆ ಮಡಕೆ ಏರಿತು. ತೊಟ್ಟು ತೊಟ್ಟಾಗಿ ಬಸಿದ ನೀರನ್ನು ಚೆಲ್ಲೋಕೆ ಯಾರಿಗೂ ಕೈ ಬರಲಿಲ್ಲ. ಪಾತ್ರೆ ತೊಳೆದ ನೀರೂ ಹಿತ್ತಲ ಬದನೆ ಗಿಡಕ್ಕೆ ಹೋಯಿತು. ಕಟ್ಟೆ ಬೇಸಿಗೆಯಲ್ಲೂ ನಾಲ್ಕು ಮೆಟ್ಟಿಲು ಮುಳುಗುವಷ್ಟು ನಿಂತಿತು.

ಏಳು ಮನೆಯವರೂ ಏಳು ಊರಿಗೆ ಹೋಗಿ ಕೈಮುಗಿದು ಸೊಸೆಯರನ್ನು ಕರೆದರು. ಆರು ಜನ ಬಂದರು. ಏಳನೆಯವಳು ಬರಲಿಲ್ಲ. ನಮ್ಮೂರ ನೀರೇ ನನಗೆ ಚೆನ್ನಾಗಿದೆ ಅಂತ ಬಾಗಿಲಲ್ಲೇ ಹೇಳಿ ಕಳಿಸಿದಳಂತೆ. ಅವಳದೇನು ತಪ್ಪು ಹೇಳಿ.

ಕೈನೀರಿನ ಶಾಸ್ತ್ರವನ್ನು ಮಾತ್ರ ಬಿಡಲಿಲ್ಲ, ತಿರುಗಿಸಿಟ್ಟರು. ಹೊಸ ಸೊಸೆ ಜಗಲಿ ಮೇಲೆ ಕೂರೋದು, ಅತ್ತೆ ನೀರು ತಂದು ಕೊಡೋದು. ಮೂರು ದಿನದೊಳಗೆ ಸೊಸೆಯ ಹೊಟ್ಟೆ ಕೆಟ್ಟರೆ ಕೈಗುಣ ಸರಿಯಿಲ್ಲದ್ದು ಮನೆಯವರದ್ದು. ಮಗಳನ್ನು ವಾಪಸ್ಸು ಕರೆದುಕೊಂಡು ಹೋಗೋ ಹಕ್ಕು ತವರಿನವರದ್ದು. ಮೊದಲ ಚೆಂಬು ಚೆಲುವಾಜಿಗೇ. ನಂಜವ್ವ ತನ್ನ ಕೈಯಾರೆ ಸೊಸೆಗೆ ನೀರು ಕೊಟ್ಟು, ಆಮೇಲೆ ಮೂರು ದಿನ ಅನ್ನ ಬಿಟ್ಟು ಅವಳ ಮುಖವನ್ನೇ ನೋಡುತ್ತಾ ಕೂತಳಂತೆ.

"ಹೆಂಗಿದ್ದೀಯವ್ವ?" ಅಂತ ಗಳಿಗೆಗೊಂದು ಸಲ ಕೇಳೋಳು.

ಚೆನ್ನಾಗಿದ್ದೀನತ್ತೆ, ಇನ್ನೊಂದು ಚೆಂಬು ಕೊಡಿ ಅಂದಳಂತೆ ಚೆಲುವಾಜಿ.

ಅವರ ಗಡಿಗೆ ಅಲ್ಲಿ ತೊಟ್ಟಿಕ್ಕುತ್ತಿದೆ, ನನ್ನ ಗಂಟಲು ಇಲ್ಲಿ ಒಣಗಿದೆ. ಕಥೆ ಅವರ ಊರಿಗೆ, ನೀರು ನಮ್ಮ ಬಾಯಿಗೆ. ಎದ್ದು ಹೋಗಿ ಯಾರಾದರೂ ಒಂದು ಚೆಂಬು ತನ್ನಿ.