ಗೆರೆ ಕಾಣದ ಬೋಕಿ

ಅಮೆರಿಕದ ಮೂಲನಿವಾಸಿಗಳಾದ ಪ್ಯೂಬ್ಲೊ ಜನರ ಊರೊಂದರಲ್ಲಿ ಮಡಕೆ ಮಾಡುವ ರಾಫೇಲಾಳ ಅಂಗಳದಲ್ಲಿ, ಅವಳ ಮುತ್ತಜ್ಜಿ ಮಾಡಿದ್ದ ನೀರಿನ ಕೊಡದ ಬೋಕಿಚೂರೊಂದು ಉಳಿದಿತ್ತು. ಅದರ ಬಿಳಿ ಮೈ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳಿದ್ದವು, ಬೋಕಿಯ ಹೆಮ್ಮೆಯೆಲ್ಲ ಆ ಗೆರೆಗಳಲ್ಲೇ ಇತ್ತು.

ಪಕ್ಕದ ಬುಟ್ಟಿಯ ಹಸಿಮಣ್ಣು ಕೇಳಿತು: "ಅಜ್ಜೀ, ಇನ್ನೂ ಆ ಗೆರೆ ಎಣಿಸುತ್ತಾ ಕೂತಿದ್ದೀರಾ? ಈಗ ಹೊಳೆಯುವ ಕಪ್ಪು ಮಡಕೆಗಳ ಕಾಲ. ನಾನು ಹಾಗೇ ಆಗುವವಳು."

"ಆಗು ಮಗಳೇ. ಇದೇ ಬುಟ್ಟಿಯಿಂದ ಮಡಕೆಯಾದ ನಿನ್ನ ಅಕ್ಕನೂ ಹೋದ ವಾರ ಹಾಗೇ ಹೊರಟಿದ್ದಳು. ಪುಡಿ ಸಾಲದೆ ಬೆಂಕಿಯಲ್ಲಿ ಎರಡು ಹೋಳಾದಳು."

ಹಸಿಮಣ್ಣಿನ ದನಿ ಇಳಿಯಿತು. "ಯಾವ ಪುಡಿ?"

"ಒಮ್ಮೆ ಬೆಂದ ಮಡಕೆಯ ಪುಡಿ. ಅದು ಬೆರೆಯದಿದ್ದರೆ ನಿನಗೆ ಬೆಂಕಿ ತಾಳುವ ಶಕ್ತಿ ಬಾರದು."

ಅಷ್ಟರಲ್ಲಿ ರಾಫೇಲಾ ಬಂದು ಬೋಕಿಯನ್ನು ಎತ್ತಿಕೊಂಡು ಅರೆಯುವ ಕಲ್ಲಿನ ಕಡೆ ನಡೆದಳು. ದಾರಿಯಲ್ಲಿ ಕಟ್ಟಿಗೆ ರಾಶಿ ಇತ್ತು. ಬೆರಳಿನಿಂದ ಜಾರಿ ಅದರೊಳಗೆ ಬಿದ್ದರೆ ತನ್ನ ಗೆರೆಗಳು ಉಳಿಯುತ್ತವೆಂದು ಬೋಕಿಗೆ ಗೊತ್ತಿತ್ತು. ಹಿಂದೆ ಬುಟ್ಟಿಯಲ್ಲಿ ಹಸಿಮಣ್ಣು ಪುಡಿಗಾಗಿ ಕಾಯುತ್ತಿತ್ತು. ಬೋಕಿ ಜಾರಲಿಲ್ಲ.

ಅದರ ಪುಡಿ ಬೆರೆತ ಮಣ್ಣು ಮಡಕೆಯಾಯಿತು. ರಾಫೇಲಾ ಬೆಂಕಿಯ ಮೇಲೆ ಸಗಣಿಪುಡಿ ಮುಚ್ಚಿ, ಮಡಕೆ ಕಪ್ಪಾಗಲೆಂದು ಹೊಗೆಯನ್ನು ಒಳಗೇ ಕಟ್ಟಿಹಾಕಿದಳು. ಬೂದಿ ಸರಿಸಿದಾಗ ಮಡಕೆ ಕನ್ನಡಿಯಂತೆ ಕಪ್ಪಗೆ ಹೊಳೆಯುತ್ತಿತ್ತು.

ಅಂಗಳದಲ್ಲೇ ಇದ್ದ ರಾಫೇಲಾಳ ಬಣ್ಣದ ಕುಂಚ ಅದನ್ನು ಸುತ್ತಲೂ ನೋಡಿ ಕೆಣಕಿತು: "ಬೋಕಿಯಜ್ಜೀ, ನಿಮ್ಮ ಗೆರೆ ಒಂದೂ ಕಾಣುತ್ತಿಲ್ಲವಲ್ಲ."

ಮಡಕೆಯ ಮೈಯೊಳಗಿಂದ ಅದೇ ಹಳೆಯ ದನಿ ಬಂತು.

"ಬಿರುಕು ಕಾಣುತ್ತಿದೆಯೇ, ಸರಿಯಾಗಿ ನೋಡು."